ಮಕ್ಕಳ ಅಪಘಾತಗಳು: ವೈದ್ಯರು ದೊರೆಯುವ ಮುನ್ನ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಕಳೆದ ಕಾಲದ ವೈಭವವನ್ನು ವರ್ಣಿಸುವುದಕ್ಕಿಂತ ಪ್ರತಿಯೊಂದು ಮನೆಗೂ ಉಪಯೋಗವಾಗುವ ವಿಷಯವನ್ನು ಆರಿಸಿಕೊಳ್ಳುವುದು ಲೇಸೆಂದು ತೋರಿತು. ನಾನು ವೈದ್ಯನಲ್ಲ. ಆದರೆ ಆಟದ ಬಯಲಿನಲ್ಲಿ ಬಿದ್ದ ಮಗುವನ್ನು ಮೊದಲು ಎತ್ತಿಕೊಳ್ಳುವವನು ಉಪಾಧ್ಯಾಯನೇ. ಮನೆಯಲ್ಲಿ ತಾಯಿ, ಹೊಲದಲ್ಲಿ ಅಜ್ಜ. ವೈದ್ಯರು ದೊರೆಯುವುದು ಆಮೇಲೆ. ಆ ನಡುವಿನ ಅಲ್ಪಕಾಲದಲ್ಲಿ ನಾವು ಮಾಡುವ ಕೆಲಸ, ಮಾಡದೆ ಬಿಡುವ ಕೆಲಸ, ಎರಡೂ ಮಗುವಿನ ಮುಂದಿನ ಬಾಳನ್ನು ನಿರ್ಧರಿಸುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯೂನಿಸೆಫ್ 2008ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿದಿನ 2000ಕ್ಕೂ ಹೆಚ್ಚು ಮಕ್ಕಳು ಆಕಸ್ಮಿಕ ಗಾಯಗಳಿಂದ ಮರಣ ಹೊಂದುತ್ತಿದ್ದರು. ರಸ್ತೆ ಅಪಘಾತ, ನೀರಿನಲ್ಲಿ ಮುಳುಗುವುದು, ಸುಟ್ಟಗಾಯ, ಬೀಳುವುದು, ವಿಷಪ್ರಾಶನ ಇವು ಮುಖ್ಯ ಕಾರಣಗಳು. ನಾವು ಹಣೆಬರಹವೆಂದು ಸುಮ್ಮನಾಗುವ ಇಂತಹ ಸಾವುಗಳಲ್ಲಿ ಬಹುಪಾಲು ತಡೆಯಬಹುದಾದವು ಎಂಬುದೇ ಆ ವರದಿಯ ಸಾರ.

ನಮ್ಮ ಸೀಮೆಯ ವಿಶೇಷ

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಆಡಳಿತ ಬದಲಾದರೂ ನೆಲ ಅದೇ, ಬಿಸಿಲು ಅದೇ. ಹತ್ತಿ ಮತ್ತು ಕಡಲೆಕಾಯಿಯ ಹೊಲ, ಕಲ್ಲುಚಪ್ಪಡಿಯ ಮನೆ, ಬಳ್ಳಾರಿ ಜಾಲಿಯ ಪೊದೆ, ತುಂಗಭದ್ರೆಯ ಕೆಳಮಟ್ಟದ ಕಾಲುವೆ ಇವೇ ನಮ್ಮ ಮಕ್ಕಳ ಆಟದ ಸ್ಥಳಗಳು. ಕೋಸಿಗಿ, ಕೌತಾಳ, ಪೆದ್ದಕಡಬೂರು ಮುಂತಾದ ಕಡೆಗಳಿಂದ ಪ್ರತಿವರ್ಷವೂ ಅನೇಕ ಕುಟುಂಬಗಳು ಸುಗ್ಗಿಯ ಕೂಲಿಗೆಂದು ಗುಂಟೂರು ಸೀಮೆಗೆ ವಲಸೆ ಹೋಗುತ್ತವೆ. ಆಗ ಮಕ್ಕಳು ಒಂದೋ ಗುಡಾರದಲ್ಲಿ ಇರುತ್ತಾರೆ, ಇಲ್ಲವೇ ಊರಿನಲ್ಲಿ ವಯಸ್ಸಾದ ಅಜ್ಜಿಯ ಬಳಿ ಉಳಿಯುತ್ತಾರೆ. ನೋಡಿಕೊಳ್ಳುವ ಕಣ್ಣುಗಳು ಕಡಿಮೆಯಾದಾಗಲೇ ಅಪಘಾತಗಳು ಹೆಚ್ಚು.

ಮೂಳೆ ಮುರಿತ ಮತ್ತು ತಲೆಪೆಟ್ಟು

ಹುಣಸೆಮರದಿಂದಲೋ ಮಾಳಿಗೆಯಿಂದಲೋ ಬೀಳುವ ಮಗು ಕೈಯೂರಿ ಬೀಳುತ್ತದೆ. ಆಗ ಮೊಣಕೈಯ ಸ್ವಲ್ಪ ಮೇಲೆ ಮೂಳೆ ಮುರಿಯುವುದು ಮಕ್ಕಳಲ್ಲಿ ಬಹಳ ಸಾಮಾನ್ಯ. ಆ ಮೂಳೆಗೆ ತಾಗಿಕೊಂಡೇ ಮುಂಗೈಗೆ ರಕ್ತ ಒಯ್ಯುವ ನಾಳವಿದೆ. ಮುರಿದ ಜಾಗ ಗಂಟೆಗಂಟೆಗೂ ಊದುತ್ತದೆ. ಅದರ ಮೇಲೆ ಬಿದಿರ ಕಡ್ಡಿಯಿಟ್ಟು ಬಿಗಿಯಾಗಿ ಕಟ್ಟಿದರೆ ಊತಕ್ಕೆ ಎಡೆಯಿಲ್ಲದೆ ರಕ್ತಸಂಚಾರ ನಿಂತು, ಕೆಲವೇ ಗಂಟೆಗಳಲ್ಲಿ ಮಾಂಸಖಂಡಗಳು ಸಾಯತೊಡಗುತ್ತವೆ. ಬಿಗಿಯಾದ ನಾಟಿ ಕಟ್ಟಿನಿಂದ ಬೆರಳುಗಳು ಮಡಚಿಕೊಂಡು, ಮತ್ತೆಂದೂ ಬಲಗೈಯಲ್ಲಿ ಬಳಪ ಹಿಡಿಯಲಾರದೆ ಹೋದ ವಿದ್ಯಾರ್ಥಿಯೊಬ್ಬನನ್ನು ನಾನು ಬಲ್ಲೆ. ಮುರಿದದ್ದು ಮೂಳೆಯಾದರೂ ಕೈಯನ್ನು ಕೆಡಿಸಿದ್ದು ಕಟ್ಟು.

ಆದುದರಿಂದ ಮುರಿದ ಅಂಗವನ್ನು ಎಳೆಯಬಾರದು, ತಿಕ್ಕಬಾರದು. ಬಳೆ, ದಾರಗಳನ್ನು ಕೂಡಲೇ ತೆಗೆಯಬೇಕು. ಮಡಚಿದ ದಿನಪತ್ರಿಕೆಯನ್ನೋ ಮರದ ಪಟ್ಟಿಯನ್ನೋ ಆಸರೆಯಾಗಿಟ್ಟು, ಕೈ ಇದ್ದ ಸ್ಥಿತಿಯಲ್ಲಿಯೇ ಟವೆಲಿನಿಂದ ಸಡಿಲವಾಗಿ ಕಟ್ಟಿ, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು. ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಬಣ್ಣ ಮರಳಬೇಕು. ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ, ಯಾರು ಕಟ್ಟಿದ ಕಟ್ಟೇ ಆಗಿರಲಿ, ತಕ್ಷಣ ಸಡಿಲಿಸಬೇಕು.

ತಲೆಗೆ ಪೆಟ್ಟು ಬಿದ್ದ ಮಗು ಅತ್ತು ಸುಮ್ಮನಾಗಿ ಮತ್ತೆ ಆಡತೊಡಗಿದರೂ ಒಂದು ಹಗಲು ಒಂದು ರಾತ್ರಿ ಗಮನಿಸುತ್ತಿರಬೇಕು. ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೇ ತಿಳಿನೀರು ಇವುಗಳಲ್ಲಿ ಒಂದು ಕಂಡರೂ ತಡಮಾಡಬಾರದು.

ಸುಟ್ಟಗಾಯ

ಕುದಿಯುವ ಸಾರು, ಸ್ನಾನದ ಬಿಸಿನೀರು, ನೆಲದ ಮೇಲಿನ ಒಲೆ, ದೀಪಾವಳಿಯ ಪಟಾಕಿ ಇವು ಸುಟ್ಟಗಾಯಗಳಿಗೆ ಕಾರಣಗಳು. ಮದ್ದು ಒಂದೇ: ತಣ್ಣೀರು. ಸುಟ್ಟ ಭಾಗದ ಮೇಲೆ ಇಪ್ಪತ್ತು ನಿಮಿಷ ನೀರು ಹರಿಯಬೇಕು. ನೀರಿನ ಕೊರತೆಯಿರುವ ನಮ್ಮ ಊರುಗಳಲ್ಲಿ ಒಂದು ಬೋಗುಣಿಯ ಮೇಲೆ ಕೈಯಿಟ್ಟು ಲೋಟದಿಂದ ಹುಯ್ಯುತ್ತ, ಅದೇ ನೀರನ್ನು ಮತ್ತೆ ಮತ್ತೆ ಬಳಸಿದರೂ ಆದೀತು. ಚರ್ಮದ ಮೇಲ್ಭಾಗ ತಣ್ಣಗಾದರೂ ಒಳಗಿನ ಕಾವು ಕೆಲಕಾಲ ಸುಡುತ್ತಲೇ ಇರುವುದರಿಂದ ಇಷ್ಟು ಹೊತ್ತು ಬೇಕಾಗುತ್ತದೆ. ಟೂತ್‌ಪೇಸ್ಟ್, ಶಾಯಿ, ಅರಿಸಿನ, ಎಣ್ಣೆ ಯಾವುದನ್ನೂ ಬಳಿಯಬಾರದು, ಬೊಬ್ಬೆಯನ್ನು ಒಡೆಯಬಾರದು. ಶುಭ್ರವಾದ ಬಟ್ಟೆ ಹೊದಿಸಿ ಕರೆದೊಯ್ಯಬೇಕು.

ಹಾವು, ಚೇಳು, ನಾಯಿ

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಔಷಧಿ ಇದೆ, ಅದು ಆಸ್ಪತ್ರೆಯಲ್ಲಿ ಮಾತ್ರ ದೊರೆಯುತ್ತದೆ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವಾಗಲೀ ಗುರುತಾಗಲೀ ಕಾಣದಿರಬಹುದು. ಬೆಳಗಿನ ಜಾವ ಮಗು ಹೊಟ್ಟೆನೋವೆಂದು ಎದ್ದು, ರೆಪ್ಪೆ ತೆರೆಯಲಾರದೆ ತೊದಲಿದರೆ ಹಾವಿನ ಶಂಕೆಯಿಂದಲೇ ನೋಡಬೇಕು. ಕಚ್ಚಿದ ಕಡೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಹಾನಿಕರ. ಮಗುವನ್ನು ನಡೆಸದೆ, ಕಚ್ಚಿದ ಅಂಗ ಅಲುಗದಂತೆ ಇಟ್ಟು ಸಾಗಿಸಬೇಕು. ಮಂತ್ರ ಹಾಕಿಸುವುದರಲ್ಲಿ ಕಳೆಯುವ ಗಂಟೆಯೇ ಪ್ರಾಣ ಹೋಗುವ ಗಂಟೆ.

ಕಲ್ಲುಗುಂಪಿನಲ್ಲಿ, ಚಪ್ಪಡಿಯ ಸಂದಿನಲ್ಲಿ ವಾಸಿಸುವ ಕೆಂಪು ಚೇಳು ದೊಡ್ಡವರಿಗೆ ನೋವು ಕೊಟ್ಟು ಬಿಡಬಹುದು. ಮಕ್ಕಳ ಹೃದಯಕ್ಕೇ ಅಪಾಯ ತರುತ್ತದೆ. ಧಾರಾಕಾರ ಬೆವರು, ವಾಂತಿ, ತಣ್ಣಗಾದ ಕೈಕಾಲು ಇದರ ಲಕ್ಷಣಗಳು. ಮಹಾರಾಷ್ಟ್ರದ ಮಹಾಡ ಎಂಬ ಸಣ್ಣ ಊರಿನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ಇದಕ್ಕೆ ಬಳಸಿ ಅಸಂಖ್ಯ ಮಕ್ಕಳನ್ನು ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮಾತ್ರೆಯನ್ನು ವೈದ್ಯರೇ ಕೊಡಬೇಕು. ಬೇಗ ತಲುಪಿಸುವುದು ನಮ್ಮ ಕೆಲಸ. ಪಾದರಕ್ಷೆಯನ್ನು ಕೊಡವಿ ಹಾಕಿಕೊಳ್ಳುವ ಅಭ್ಯಾಸವನ್ನು ಒಂದನೆಯ ತರಗತಿಯಿಂದಲೇ ಕಲಿಸಬೇಕು.

ನಾಯಿ ಕಚ್ಚಿದರೆ ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆಯಬೇಕು. ಸುಣ್ಣ, ಖಾರದಪುಡಿ ಹಚ್ಚಬಾರದು. ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿಯೆಂಬ ಭಯ ಹಳೆಯದು. ಆ ಲಸಿಕೆಯ ತಯಾರಿಕೆ 2004ರಲ್ಲಿಯೇ ನಿಂತಿತು. ಈಗ ಚುಚ್ಚುಮದ್ದು ತೋಳಿಗೆ. ಕಚ್ಚಿದ ದಿನ, ಆಮೇಲೆ 3, 7 ಮತ್ತು 28ನೆಯ ದಿನ ತಪ್ಪದೆ ಹಾಕಿಸಬೇಕು. ರಕ್ತ ಬಂದಿದ್ದರೆ ಗಾಯದ ಸುತ್ತ ಬೇರೊಂದು ಔಷಧಿಯೂ ಬೇಕು. ರೇಬೀಸ್ ರೋಗ ತಲೆದೋರಿದ ಮೇಲೆ ಉಳಿಸುವ ಮದ್ದಿಲ್ಲ.

ನೀರು, ವಿಷ, ಕಣ್ಣು

ಕಾಲುವೆಯ ಇಳಿಜಾರು ಪಾಚಿಯಿಂದ ಜಾರುತ್ತದೆ. ಮುಳುಗುವವನತ್ತ ಧುಮುಕದೆ ಸೀರೆಯನ್ನೋ ಹಗ್ಗವನ್ನೋ ಎಸೆಯಬೇಕೆಂದು ಮಕ್ಕಳಿಗೆ ಹೇಳಿಕೊಡಬೇಕು. ಮೇಲೆತ್ತಿದ ಮಗುವನ್ನು ತಲೆಕೆಳಗಾಗಿ ತಿರುಗಿಸುವುದರಿಂದಲೂ ಹೊಟ್ಟೆ ಒತ್ತುವುದರಿಂದಲೂ ಅಮೂಲ್ಯ ಕಾಲ ನಷ್ಟ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಗಾಳಿ ಊದಿ, ಎದೆ ಒತ್ತತೊಡಗಬೇಕು.

ಸೀಮೆಎಣ್ಣೆ ಕುಡಿದ ಮಗುವಿಗೆ ವಾಂತಿ ಮಾಡಿಸಬಾರದು; ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಹತ್ತಿಗೆ ಹೊಡೆಯುವ ಔಷಧಿಯ ಖಾಲಿ ಡಬ್ಬಿಯನ್ನು ಮನೆಗೆ ತರಲೇಬಾರದು. 2013ರ ಜುಲೈನಲ್ಲಿ ಬಿಹಾರದ ಗಂಡಾಮನ್ ಗ್ರಾಮದ ಶಾಲೆಯಲ್ಲಿ ಕೀಟನಾಶಕ ಬೆರೆತ ಮಧ್ಯಾಹ್ನದ ಊಟದಿಂದ 23 ಮಕ್ಕಳು ಸತ್ತರು. ಎಲೆಅಡಿಕೆಯ ಸುಣ್ಣದ ಪೊಟ್ಟಣ ಒತ್ತಿದಾಗ ಸಿಡಿದು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ತಿಕ್ಕದೆ ಅರ್ಧ ಗಂಟೆ ನೀರು ಹಾಯಿಸಿ ಕಣ್ಣಿನ ವೈದ್ಯರಲ್ಲಿಗೆ ಓಡಬೇಕು. ಐದು ವರ್ಷದೊಳಗಿನವರಿಗೆ ಇಡೀ ಕಡಲೆಬೀಜ ಕೊಡಬಾರದು.

ಭಾಷೆಯ ಮಾತು

ಇಲ್ಲಿ ಕನ್ನಡ ಶಾಲೆಯವರಾದ ನಾವು ಗಮನಿಸಬೇಕಾದ ಇನ್ನೊಂದು ಅಂಶವಿದೆ. 2005ರ ಆಗಸ್ಟ್ 15ರಂದು ಈ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸಿನವರ ಮಾತು ತೆಲುಗು. ಆದವಾನಿಯ ಆಸ್ಪತ್ರೆಯಿಂದ ಮುಂದೆ ಕರ್ನೂಲಿಗೆ ಕಳುಹಿಸಿದರೆ ಅಲ್ಲಿಯೂ ತೆಲುಗೇ. ನೋವಿನಲ್ಲಿರುವ ಮಗುವಿಗೆ ಬರುವುದು ತಾಯಿಯ ಮಾತು. ತೆಲುಗಿನಲ್ಲಿ ‘ಕಾಲಿನ ಗಾಯಂ’ ಎಂದರೆ ಸುಟ್ಟಗಾಯ. ನಮ್ಮ ಮಗುವಿನ ಕಿವಿಗೆ ಅದು ಕಾಲಿಗೆ ಆದ ಗಾಯ! ಪಾಮು ಎಂದರೆ ಹಾವು, ತೇಲು ಎಂದರೆ ಚೇಳು, ಕುಕ್ಕ ಎಂದರೆ ನಾಯಿ, ನೊಪ್ಪಿ ಎಂದರೆ ನೋವು, ಕಡುಪು ಎಂದರೆ ಹೊಟ್ಟೆ. ಇಂತಹ ಇಪ್ಪತ್ತು ಪದಗಳನ್ನೂ, ತನ್ನ ಊರಿನ ಹೆಸರನ್ನೂ, ಮನೆಯ ಫೋನ್ ನಂಬರನ್ನೂ ಪ್ರತಿ ಮಗುವೂ ಎರಡು ಭಾಷೆಗಳಲ್ಲಿ ಹೇಳುವಂತಾಗಬೇಕು. ಇದರಿಂದ ಕನ್ನಡಕ್ಕೆ ಕುಂದಿಲ್ಲ. ಕನ್ನಡದ ಮಗು ಉಳಿಯುತ್ತದೆ.

ಕೊನೆಯದಾಗಿ, ಸುವರ್ಣ ಮಹೋತ್ಸವದ ನೆನಪಿಗಾಗಿ ಕಮಾನು, ಕಲ್ಲುಹಲಗೆಗಳ ಜೊತೆಗೆ ಪ್ರತಿ ತರಗತಿಗೂ ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಗೋಡೆಯ ಮೇಲೆ ಎರಡು ಭಾಷೆಗಳ ಫಲಕ, ಉಪಾಧ್ಯಾಯರಿಗೆ ವರ್ಷಕ್ಕೊಂದು ದಿನದ ತರಬೇತಿ ಇವುಗಳನ್ನು ಹಳೆಯ ವಿದ್ಯಾರ್ಥಿಗಳು ಒದಗಿಸಿಕೊಡಬೇಕೆಂದು ಕೋರುತ್ತೇನೆ. ನಮ್ಮಲ್ಲಿ ವೈದ್ಯರೂ ದಾದಿಯರೂ ಔಷಧ ವ್ಯಾಪಾರಿಗಳೂ ಆಗಿರುವವರು ಇದ್ದೀರಿ. ಐದು ಮತ್ತು ಹತ್ತನೆಯ ವಯಸ್ಸಿನಲ್ಲಿ ಹಾಕಬೇಕಾದ ಧನುರ್ವಾಯುವಿನ ಚುಚ್ಚುಮದ್ದು ಯಾವ ಮಗುವಿಗೆ ತಪ್ಪಿದೆಯೆಂಬುದನ್ನಾದರೂ ಬಂದು ನೋಡಿರಿ. ಶಾಲೆಗೂ, ಅಲ್ಲಿ ಆಡಿ ಬೆಳೆಯುವ ಮಕ್ಕಳಿಗೂ ಸದಾ ಶುಭವಾಗಲಿ.