ಹೆಡರ್ ಲೋಪ ಮತ್ತು ಕನ್ನಡ ಪಠ್ಯ: ಜಾವಾ ಜಾಲತಂತ್ರಾಂಶಗಳ ಒಂದು ಸಮಸ್ಯೆ

ರಾಯಚೂರು ಜಿಲ್ಲೆಯ ಮಸ್ಕಿ ಹಿಂದಿನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಊರು. 1915ರಲ್ಲಿ ಗಣಿ ಇಂಜಿನಿಯರ್ ಸಿ. ಬೀಡನ್ ಅಲ್ಲಿ ಅಶೋಕನ ಶಾಸನವೊಂದನ್ನು ಪತ್ತೆಮಾಡಿದರು. ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಅದರ ಪಾಠವು ಹೈದರಾಬಾದ್ ಪುರಾತತ್ತ್ವ ಗ್ರಂಥಮಾಲೆಯ ಮೊದಲ ಪ್ರಕಟಣೆಯಾಗಿ ಹೊರಬಂದಿತು. ಅದುವರೆಗೆ ವಿದ್ವಾಂಸರಿಗೆ ತಿಳಿದಿದ್ದ ಶಾಸನಗಳು ಅರಸನನ್ನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂಬ ಬಿರುದುಗಳಿಂದಲೇ ಸೂಚಿಸುತ್ತಿದ್ದವು. ಮಸ್ಕಿಯ ಶಾಸನದ ಆರಂಭದಲ್ಲಾದರೋ ಅಶೋಕನೆಂಬ ಹೆಸರೇ ಇತ್ತು. ಶಾಸನದ ಒಡಲು ಏನನ್ನೇ ಹೇಳಲಿ, ಅದು ಯಾರದು, ಅದನ್ನು ಹೇಗೆ ಗ್ರಹಿಸಬೇಕು ಎಂಬುದನ್ನು ಹಲವು ಸಲ ತಲೆಯ ಸಾಲೇ ನಿರ್ಧರಿಸುತ್ತದೆ.

ಅಂತರಜಾಲದಲ್ಲಿ ಸಂಚರಿಸುವ ಪಠ್ಯಕ್ಕೂ ಇಂತಹ ತಲೆಸಾಲುಗಳುಂಟು. ಓದುಗನ ಬ್ರೌಸರು ಒಂದು ಪುಟವನ್ನು ಕೇಳಿದಾಗ ಸರ್ವರು ಎಚ್‌ಟಿಟಿಪಿ ಎಂಬ ನಿಯಮಾವಳಿಗೆ ಅನುಸಾರವಾಗಿ ಉತ್ತರಿಸುತ್ತದೆ. ಆ ಉತ್ತರದಲ್ಲಿ ಒಡಲಿಗಿಂತ ಮುಂಚೆ ಬರುವ ಚಿಕ್ಕ ಚಿಕ್ಕ ಸಾಲುಗಳೇ ಹೆಡರುಗಳು. ಬರುತ್ತಿರುವ ವಸ್ತು ಯಾವ ಬಗೆಯದು, ಯಾವ ಅಕ್ಷರಸಂಕೇತದಲ್ಲಿದೆ, ಯಾವ ಹೆಸರಿನಿಂದ ಉಳಿಸಿಕೊಳ್ಳಬೇಕು ಎಂಬ ವಿವರಗಳು ಅವುಗಳಲ್ಲಿರುತ್ತವೆ. ಇವು ಓದುಗನ ಕಣ್ಣಿಗೆ ಬೀಳುವುದಿಲ್ಲ; ಕಾಣೆಯಾದಾಗ ಮಾತ್ರ ಅವುಗಳ ಪ್ರಯೋಜನ ಅರಿವಿಗೆ ಬರುತ್ತದೆ.

ಕನ್ನಡ ವಿದ್ವಾಂಸರಿಗೆ ಇದು ದೂರದ ವಿಷಯವಲ್ಲ. ಯುಜಿಸಿಯ 2009ರ ನಿಯಮಾವಳಿಯ ತರುವಾಯ ಪಿಎಚ್.ಡಿ. ಪ್ರಬಂಧಗಳನ್ನು ವಿದ್ಯುನ್ಮಾನ ರೂಪದಲ್ಲಿಯೂ ಸಲ್ಲಿಸುವ ಪದ್ಧತಿ ಬೇರೂರಿತು. ಉಸ್ಮಾನಿಯಾ ಮತ್ತು ಹೈದರಾಬಾದ್ ವಿಶ್ವವಿದ್ಯಾನಿಲಯಗಳ ಪ್ರಬಂಧಗಳನ್ನೂ ಒಳಗೊಂಡ ಶೋಧಗಂಗಾ ಭಂಡಾರವು ನಿಂತಿರುವುದು 2002ರಲ್ಲಿ ಬಿಡುಗಡೆಯಾದ ಡಿಸ್ಪೇಸ್ ಎಂಬ ತಂತ್ರಾಂಶದ ಮೇಲೆ. ಡಿಸ್ಪೇಸ್ ರಚಿತವಾಗಿರುವುದು ಜಾವಾ ಭಾಷೆಯಲ್ಲಿ. ಕನ್ನಡ, ತೆಲುಗು, ಉರ್ದು, ಮರಾಠಿಗಳು ಒಂದೇ ಕಪಾಟಿನಲ್ಲಿ ಕೂಡಿರುವ ಹೈದರಾಬಾದಿನಂತಹ ನಗರದಲ್ಲಿ ಹೆಡರಿನ ಲೋಪವು ಎಲ್ಲ ಭಾಷೆಗಳನ್ನೂ ಬಾಧಿಸಬಲ್ಲದು. ಆದುದರಿಂದ ಇಂತಹ ತಂತ್ರಾಂಶಗಳಲ್ಲಿ ಹೆಡರು ಎಲ್ಲಿ, ಏಕೆ ಲೋಪವಾಗುತ್ತದೆ ಎಂಬುದನ್ನು ವಿವೇಚಿಸುವುದು ಉಚಿತ.

ಮೊದಲನೆಯದು ಅಕ್ಷರಸಂಕೇತದ ಲೋಪ. ಜಾವಾದ ಸರ್ವ್ಲೆಟ್ ನಿಯಮದಂತೆ, ಬೇರೆ ಸೂಚನೆ ಇಲ್ಲದಿದ್ದರೆ ಉತ್ತರದ ಪಠ್ಯವು ಐಎಸ್‌ಒ-8859-1 ಸಂಕೇತದಲ್ಲಿ ಬರೆಯಲ್ಪಡುತ್ತದೆ. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ ರೂಪಿತವಾದ ಆ ಸಂಕೇತದಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಸ್ಥಾನವಿಲ್ಲ. ಆದುದರಿಂದ ಪ್ರತಿಯೊಂದು ಅಕ್ಷರದ ಜಾಗದಲ್ಲಿಯೂ ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಇದಕ್ಕಿಂತ ಭಿನ್ನವಾದುದು ಇನ್ನೊಂದು ಸ್ಥಿತಿ: ಬೈಟುಗಳು ಯುಟಿಎಫ್-8ರಲ್ಲಿ ಸರಿಯಾಗಿಯೇ ಹೊರಟಿವೆ, ಆದರೆ ಹಾಗೆಂದು ತಿಳಿಸುವ ಮಾತು ಕಂಟೆಂಟ್-ಟೈಪ್ ಹೆಡರಿನಲ್ಲಿಲ್ಲ. ಆಗ ಬ್ರೌಸರು ಊಹೆಯಿಂದ ಓದುತ್ತದೆ. ಯುಟಿಎಫ್-8ರಲ್ಲಿ 'ಕ' ಅಕ್ಷರಕ್ಕೆ ಮೂರು ಬೈಟುಗಳು. ಊಹೆ ತಪ್ಪಿದರೆ ಅವು ತಲೆಯ ಮೇಲೆ ಗೀಟುಳ್ಳ ರೋಮನ್ ಎ, ಮೇಲೆತ್ತರಿಸಿದ ಎರಡರ ಅಂಕೆ, ಒಂದು ದಪ್ಪ ಚುಕ್ಕೆ ಎಂದು ಮೂರು ಚಿಹ್ನೆಗಳಾಗಿ ಒಡೆದು ತೋರುತ್ತವೆ.

ಈ ಎರಡು ಸ್ಥಿತಿಗಳ ಭೇದವನ್ನು ತಿಳಿಯುವುದು ಅತ್ಯಗತ್ಯ. ಎರಡನೆಯದು ಓದಿನ ದೋಷ ಮಾತ್ರ. ಪಾಠ ಕೆಟ್ಟಿಲ್ಲ, ಹೆಡರನ್ನು ಸರಿಪಡಿಸಿದರೆ ಕನ್ನಡ ಮರಳುತ್ತದೆ. ಮೊದಲನೆಯದು ಆ ಪ್ರತಿಯ ಮಟ್ಟಿಗೆ ಪಾಠನಾಶವೇ ಸರಿ; ಪ್ರಶ್ನಾರ್ಥಕ ಚಿಹ್ನೆಯಿಂದ ಮೂಲಾಕ್ಷರವನ್ನು ಊಹಿಸಲು ಯಾವ ಉಪಾಯವೂ ಇಲ್ಲ. ಇದಕ್ಕೆ ಪರಿಹಾರವೆಂದರೆ, ಬರೆಯುವ ಸಾಧನವನ್ನು ಪಡೆಯುವುದಕ್ಕೆ ಮುಂಚೆಯೇ ಅಕ್ಷರಸಂಕೇತವನ್ನು ಗೊತ್ತುಮಾಡುವುದು; ಆಮೇಲೆ ಗೊತ್ತುಮಾಡಿದರೆ ಫಲವಿಲ್ಲ. 2017ರ ಸರ್ವ್ಲೆಟ್ 4.0 ಆವೃತ್ತಿಯಿಂದ ಈಚೆಗೆ ಇಡೀ ತಂತ್ರಾಂಶಕ್ಕೆ ಅನ್ವಯಿಸುವಂತೆ ಒಂದೇ ಕಡೆ ಇದನ್ನು ನಮೂದಿಸಲು ಅವಕಾಶವಿದೆ.

ಎರಡನೆಯದು ಕಾಲ ಮೀರಿದ ಬರವಣಿಗೆ. ಉತ್ತರದ ಒಡಲು ಮೊದಲು ಬಫರ್ ಎಂಬ ತಾತ್ಕಾಲಿಕ ಸ್ಥಳದಲ್ಲಿ ಸಂಗ್ರಹವಾಗುತ್ತದೆ. ಅದು ತುಂಬಿ ಹೊರಗೆ ಹರಿದೊಡನೆ ಹೆಡರುಗಳೂ ಹೊರಟುಹೋಗಿರುತ್ತವೆ. ಉತ್ತರವು ಬದ್ಧವಾಯಿತೆಂದು ಇದಕ್ಕೆ ಅರ್ಥ. ಬಳಿಕ ಸೇರಿಸಿದ ಹೆಡರನ್ನು ಜಾವಾ ಸದ್ದಿಲ್ಲದೆ ಕಡೆಗಣಿಸುತ್ತದೆ, ದೋಷಸೂಚನೆಯನ್ನೂ ಕೊಡುವುದಿಲ್ಲ. ಫಿಲ್ಟರಿನಲ್ಲಿ ಮುಂದಿನ ಘಟ್ಟಕ್ಕೆ ಕೆಲಸವನ್ನು ಒಪ್ಪಿಸಿ, ಅದು ಮುಗಿದು ಬಂದ ಮೇಲೆ ಹೆಡರು ಸೇರಿಸುವವರು ಎದುರಿಸುವ ತೊಡಕು ಇದೇ. ಒಂದು ಪುಟದೊಳಗೆ ಅಡಕಗೊಂಡ ಇನ್ನೊಂದು ಸರ್ವ್ಲೆಟ್ ನಮೂದಿಸುವ ಹೆಡರಿಗೂ ಇದೇ ಗತಿ. ಇಲ್ಲಿ ಗಮನಾರ್ಹವಾದ ಸಂಗತಿಯೊಂದುಂಟು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು, ಕನ್ನಡದ್ದಕ್ಕೆ ಮೂರು ಬೇಕು. ಅದೇ ಉದ್ದದ ಕನ್ನಡ ಪುಟವು ಬಫರನ್ನು ಬೇಗ ತುಂಬಿಸಬಹುದಾದುದರಿಂದ, ಇಂಗ್ಲಿಷ್ ಪುಟದಲ್ಲಿ ಅಡಗಿದ್ದ ದೋಷವು ಕನ್ನಡ ಪುಟದಲ್ಲಿ ಬಯಲಾಗಬಹುದು.

ಮೂರನೆಯದು ಕನ್ನಡಕ್ಕೆ ನೇರವಾಗಿ ಸಂಬಂಧಿಸಿದುದು. ಕಡತವನ್ನು ಇಳಿಸಿಕೊಳ್ಳುವಾಗ ಅದರ ಹೆಸರನ್ನು ತಿಳಿಸುವುದು ಕಂಟೆಂಟ್-ಡಿಸ್ಪೊಸಿಷನ್ ಹೆಡರು. ಪ್ರಬಂಧದ ಕನ್ನಡ ಶೀರ್ಷಿಕೆಯನ್ನು ಅಲ್ಲಿ ಹಾಗೆಯೇ ಬರೆದರೆ, ಜಾವಾ ತಂತ್ರಾಂಶಗಳನ್ನು ನಡೆಸುವ ಟಾಮ್‌ಕ್ಯಾಟ್ ಸರ್ವರಿನ ಈಚಿನ ಆವೃತ್ತಿಗಳು ಆ ಹೆಡರನ್ನೇ ತೆಗೆದುಹಾಕುತ್ತವೆ. ಹೆಡರಿನಲ್ಲಿ 0ಯಿಂದ 255ರವರೆಗಿನ ಸಂಕೇತಾಂಕಗಳಿಗೆ ಮಾತ್ರ ಎಡೆಯುಂಟು. ಯೂನಿಕೋಡಿನಲ್ಲಿ 'ಕ' ಅಕ್ಷರದ ಅಂಕ 3221. ಹೆಡರನ್ನು ತೆಗೆದುಹಾಕಿರುವ ಸಂಗತಿ ಸರ್ವರಿನ ದಿನಚರಿಯಾದ ಲಾಗ್ ಕಡತದಲ್ಲಿ ಎಚ್ಚರಿಕೆಯಾಗಿ ದಾಖಲಾಗುತ್ತದೆ, ಓದುಗನಿಗೆ ತಿಳಿಯುವುದಿಲ್ಲ. ಅವನ ಕೈಗೆ ಬರುವುದು ಶೀರ್ಷಿಕೆ ಕಳೆದುಕೊಂಡ ಕಡತ. ಹೆಸರನ್ನು ಯುಟಿಎಫ್-8 ಬೈಟುಗಳಾಗಿಸಿ, ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಷೋಡಶಮಾನ ಅಂಕೆಗಳಲ್ಲಿ ಬರೆಯುವುದು ಇದಕ್ಕೆ ಶಾಸ್ತ್ರಸಮ್ಮತವಾದ ಮಾರ್ಗ. 2011ರ ಆರ್‌ಎಫ್‌ಸಿ 6266 ಈ ವಿಧಾನವನ್ನು ವಿವರಿಸಿದೆ.

ನಾಲ್ಕನೆಯದು ನಡುದಾರಿಯ ಲೋಪ. ಟಾಮ್‌ಕ್ಯಾಟಿನ ಮುಂದೆ ಎಂಜಿನ್‌ಎಕ್ಸ್‌ನಂತಹ ಮಧ್ಯವರ್ತಿ ಸರ್ವರು ಇರುವುದು ವಾಡಿಕೆ. ಅದರ ಮೂಲಕ ಸೇರಿಸುವ ಹೆಡರುಗಳು, ಪ್ರತ್ಯೇಕವಾಗಿ ಸೂಚಿಸದ ಹೊರತು, ದೋಷದ ಉತ್ತರಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕೆಲವೊಮ್ಮೆ ಹೆಡರು ಬ್ರೌಸರನ್ನು ತಲುಪಿದ್ದರೂ ಪುಟದ ಜಾವಾಸ್ಕ್ರಿಪ್ಟಿಗೆ ಗೋಚರಿಸದು. 2021ರಲ್ಲಿ ಬಂದ ಡಿಸ್ಪೇಸ್ 7ರಲ್ಲಿ ಓದುಗನ ಮುಂಭಾಗವೂ ಜಾವಾದ ಹಿಂಭಾಗವೂ ಬೇರ್ಪಟ್ಟವು. ಇವೆರಡೂ ಭಿನ್ನ ವಿಳಾಸಗಳಲ್ಲಿದ್ದರೆ, ಯಾವ ಹೆಡರನ್ನು ತೋರಿಸಬಹುದು ಎಂಬ ಅನುಮತಿಯನ್ನು ಹಿಂಭಾಗವೇ ಇನ್ನೊಂದು ಹೆಡರಿನ ಮೂಲಕ ನೀಡಬೇಕಾಗುತ್ತದೆ. ಇದು ಲೋಪವಲ್ಲ, ಮರೆ.

ದೋಷವನ್ನು ಹುಡುಕುವ ಕ್ರಮವು ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಹೊಸದೆನಿಸದು. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಅಭ್ಯಾಸಮಾಡಿದ ವಿದ್ಯಾರ್ಥಿಯು ಒಂದು ಪಾಠ ಕೆಟ್ಟಿರುವುದನ್ನು ಕಂಡೊಡನೆ ತಿದ್ದಲು ತೊಡಗುವುದಿಲ್ಲ. ಪ್ರತಿಗಳನ್ನು ಹೋಲಿಸಿ ಅದು ಯಾವ ಹಂತದಲ್ಲಿ ಕೆಟ್ಟಿತೆಂದು ವಿಚಾರಿಸುತ್ತಾನೆ. ಇಲ್ಲಿಯೂ ಅದೇ ವಿವೇಕ ಬೇಕು. ಒಂದೇ ಕೋರಿಕೆಯನ್ನು ಕರ್ಲ್ ಎಂಬ ಉಪಕರಣದಿಂದ ಮೊದಲು ನೇರವಾಗಿ ಟಾಮ್‌ಕ್ಯಾಟಿಗೆ, ಅನಂತರ ಮಧ್ಯವರ್ತಿ ಸರ್ವರಿನ ಮೂಲಕ ಕಳುಹಿಸಬೇಕು. ಕೊನೆಗೆ ಬ್ರೌಸರಿನ ನೆಟ್‌ವರ್ಕ್ ಫಲಕದಲ್ಲಿ ನೋಡಬೇಕು. ಈ ಮೂರು ಪ್ರತಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸಬೇಕು. ಮೊದಲ ಪ್ರತಿಯಲ್ಲಿಯೇ ಹೆಡರಿಲ್ಲದಿದ್ದರೆ ದೋಷ ಜಾವಾದಲ್ಲಿದೆ. ಎರಡನೆಯದರಲ್ಲಿ ಕಾಣೆಯಾದರೆ ನಡುದಾರಿಯಲ್ಲಿದೆ. ಮೂರರಲ್ಲಿಯೂ ಇದ್ದು ಪುಟಕ್ಕೆ ಮಾತ್ರ ಸಿಕ್ಕದಿದ್ದರೆ ಅನುಮತಿಯ ಕೊರತೆಯಿದೆ.

ಈ ಪರಿಶೀಲನೆಗೆ ಮುನ್ನ ದತ್ತಾಂಶವನ್ನು ಮುಟ್ಟದಿರುವುದು ಒಳಿತು. ಒಡೆದು ಕಾಣುವ ಪಠ್ಯವನ್ನು ನಕಲಿಸಿ ಮತ್ತೆ ಸೂಚಿಯಲ್ಲಿ ಉಳಿಸಿದರೆ ಓದಿನ ದೋಷವು ಪಾಠದೋಷವಾಗಿ ನೆಲೆಗೊಳ್ಳುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳನ್ನು ಉಳಿಸಿದರೆ ಮೂಲ ಶೀರ್ಷಿಕೆಯೇ ಅಳಿದುಹೋಗುತ್ತದೆ. ಹಲವು ವರ್ಷಗಳ ಸಂಶೋಧನೆ ಭಂಡಾರದಲ್ಲಿದ್ದೂ ಹುಡುಕುವವರಿಗೆ ದೊರೆಯದಂತಾಗುವುದು ಹೀಗೆ. ಗ್ರಂಥಾಲಯಗಳು ಹೊಸ ತಂತ್ರಾಂಶವನ್ನು ಸ್ವೀಕರಿಸುವಾಗ ಅದನ್ನು ಇಂಗ್ಲಿಷ್ ಮಾದರಿಗಳಿಂದ ಮಾತ್ರ ಪರೀಕ್ಷಿಸಿ ತೃಪ್ತಿಪಡಬಾರದು. ಒತ್ತಕ್ಷರಗಳುಳ್ಳ ಕನ್ನಡ ಶೀರ್ಷಿಕೆ, ದೀರ್ಘವಾದ ಕನ್ನಡ ಪುಟ, ಕನ್ನಡ ಹೆಸರಿನ ಕಡತ ಈ ಮೂರನ್ನಾದರೂ ಪರೀಕ್ಷೆಗೆ ಒಡ್ಡಬೇಕು. ಆ ಮಾದರಿಗಳನ್ನು ಸಿದ್ಧಪಡಿಸಿಕೊಡುವ ಹೊಣೆಯನ್ನು ಕನ್ನಡ ವಿಭಾಗಗಳೇ ವಹಿಸಿಕೊಳ್ಳುವುದು ಯುಕ್ತ.