ದವಡೆಗೂ ಬೇಕು ಬಿಡುವು

ಆಕಳಿಸಿದರೆ ಕಿವಿಯ ಬಳಿ 'ಟಕ್' ಎಂಬ ಸದ್ದು. ಬೆಳಿಗ್ಗೆ ಎದ್ದಾಗ ಕೆನ್ನೆ ಬಿಗಿದಂತೆ. ತುತ್ತು ಅಗಿಯುವಾಗ ಚಳಕು ಹೊಡೆದಂತಹ ನೋವು. ಪರೀಕ್ಷೆ ಹತ್ತಿರವಾದಂತೆ ಕೆಲವು ವಿದ್ಯಾರ್ಥಿಗಳನ್ನು ಈ ತೊಂದರೆ ಕಾಡುತ್ತದೆ. ಕಿವಿನೋವೆಂದು ಎಣ್ಣೆ ಬಿಡುವವರಿದ್ದಾರೆ, ಹುಳುಕು ಹಲ್ಲೆಂದು ಲವಂಗ ಒತ್ತಿಕೊಳ್ಳುವವರಿದ್ದಾರೆ. ಆದರೆ ಎಷ್ಟೋ ಸಲ ನೋವಿನ ಮೂಲ ಕಿವಿಯೂ ಅಲ್ಲ, ಹಲ್ಲೂ ಅಲ್ಲ, ದವಡೆಯ ಕೀಲು.

ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಈ ಕೀಲು ಅಲುಗುವುದು ತಿಳಿಯುತ್ತದೆ. ಇದು ಬಾಗಿಲಿನ ತಿರುಗಣಿಯಂತೆ ತಿರುಗುವುದಷ್ಟೇ ಅಲ್ಲ, ಬಾಯಿ ಅಗಲಿಸಿದಾಗ ಮುಂದಕ್ಕೂ ಜಾರುತ್ತದೆ. ಎಲುಬುಗಳು ಉಜ್ಜದಂತೆ ನಡುವೆ ಮೆತ್ತನೆಯ ಬಿಲ್ಲೆಯೊಂದಿದೆ. ದವಡೆಯ ತೊಂದರೆಗೂ ಕಿವಿನೋವಿಗೂ ನಂಟಿದೆಯೆಂದು 1934ರಲ್ಲಿ ಬರೆದು ವೈದ್ಯರ ಗಮನ ಸೆಳೆದವರು ಅಮೆರಿಕದ ಕಿವಿ-ಗಂಟಲು ತಜ್ಞ ಜೇಮ್ಸ್ ಕೋಸ್ಟನ್. ಪೆಟ್ಟು, ಸಂಧಿವಾತ, ಮನಸ್ಸಿನ ಒತ್ತಡ - ಹೀಗೆ ಕಾರಣಗಳು ಹಲವು. ಬಂದ ನೋವನ್ನು ಹೆಚ್ಚಿಸುವುದು ಮಾತ್ರ ಬಹುಮಟ್ಟಿಗೆ ನಮ್ಮ ದಿನನಿತ್ಯದ ಅಭ್ಯಾಸಗಳೇ.

ಹಲ್ಲು ಕಚ್ಚುವ ಚಟ

ಅಗಿಯುವಾಗ ಮತ್ತು ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲನ್ನು ಮುಟ್ಟಬೇಕಾಗಿಲ್ಲ. ತುಟಿ ಮುಚ್ಚಿರಬೇಕು, ಹಲ್ಲುಗಳ ನಡುವೆ ತುಸು ಸಂದಿ ಇರಬೇಕು. ಅದೇ ದವಡೆಯ ವಿಶ್ರಾಂತಿ. ಕಷ್ಟದ ಲೆಕ್ಕ ಬಿಡಿಸುವಾಗ, ಗಡಿಬಿಡಿಯಲ್ಲಿ ಬರೆಯುವಾಗ ಅನೇಕರು ಅರಿವಿಲ್ಲದೆಯೇ ಹಲ್ಲು ಬಿಗಿಯುತ್ತಾರೆ. ಗಂಟೆಗಟ್ಟಲೆ ಬಿಗಿದಿಟ್ಟ ಸ್ನಾಯು ದಣಿಯದೆ ಇದ್ದೀತೆ?

ಪೆನ್ನಿನ ಮುಚ್ಚಳ, ಉಗುರು ಕಚ್ಚುವುದು, ದಿನವಿಡೀ ಚ್ಯೂಯಿಂಗ್ ಗಮ್ ಅಗಿಯುವುದು, ಗಲ್ಲಕ್ಕೆ ಕೈ ಊರಿ ಓದುವುದು, ಮೊಬೈಲನ್ನು ಕಿವಿ-ಭುಜದ ನಡುವೆ ಸಿಕ್ಕಿಸಿಕೊಂಡು ಮಾತನಾಡುವುದು, ಬಾಟಲಿಯ ಬಿರಡೆಯನ್ನು ಹಲ್ಲಿನಲ್ಲಿ ತೆಗೆಯುವುದು - ಇವೆಲ್ಲ ನೋಯುವ ಕೀಲಿಗೆ ಹೆಚ್ಚುವರಿ ಹೊರೆ. ಗೆಳೆಯರೆದುರು ದವಡೆಯನ್ನು 'ಟಕ್ ಟಕ್' ಎನ್ನಿಸುವ ಆಟವೂ ಬೇಡ. ಹುಳುಕು ಹಲ್ಲಿನ ನೋವಿಗೆ ಅಂಜಿ ಒಂದೇ ಬದಿಯಲ್ಲಿ ಅಗಿಯುತ್ತಿದ್ದರೆ ಮೊದಲು ಆ ಹಲ್ಲಿಗೆ ಚಿಕಿತ್ಸೆ ಆಗಬೇಕು.

ರಾತ್ರಿ ಮಗು ಹಲ್ಲು ಕಡಿದರೆ 'ಹೊಟ್ಟೆಯಲ್ಲಿ ಹುಳು' ಎನ್ನುವುದು ವಾಡಿಕೆ. ಚಿಕ್ಕ ಮಕ್ಕಳಲ್ಲಿ ಇದು ಸಾಮಾನ್ಯ. ಬೆಳೆದಂತೆ ಹಲವರಲ್ಲಿ ತಾನಾಗಿ ನಿಲ್ಲುತ್ತದೆ. ಬೆಳಿಗ್ಗೆ ನೋವಿದ್ದರೆ, ಹಲ್ಲು ಸವೆದಿದ್ದರೆ ದಂತವೈದ್ಯರಿಗೆ ತೋರಿಸಬೇಕು.

ಕವಳದ ಬಟ್ಟಲಿನಿಂದ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಿಗರ ಮನೆಗಳಲ್ಲಿ ಬಂದವರಿಗೆ ನೀರು ಕೊಟ್ಟ ಮೇಲೆ ಕವಳದ ಬಟ್ಟಲು ಮುಂದಿಡುವುದು ಮರ್ಯಾದೆ. ಕೊನೆಕೊಯ್ಲಿನ ದಿನಗಳಲ್ಲಿ ಜಗಲಿಯ ತುಂಬ ಅಡಿಕೆ. ಅಡಿಕೆ ಸುಲಿಯುವವರ ನಡುವೆ ಆಡುವ ಮಕ್ಕಳು ಒಂದು ಹೋಳು ಬಾಯಿಗೆ ಹಾಕಿಕೊಂಡರೆ ಯಾರಿಗೂ ವಿಶೇಷ ಎನಿಸುವುದಿಲ್ಲ. ಗಟ್ಟಿ ಹೋಳನ್ನು ಹೊತ್ತುಗಟ್ಟಲೆ ಅಗಿದರೆ ಕೀಲಿಗೆ ದಣಿವು. ಅದಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ.

ಅಡಿಕೆಯ ಸಾರ ಒಳಗೆನ್ನೆಯ ಪೊರೆಯನ್ನು ಕ್ರಮೇಣ ಗಡುಸಾಗಿಸುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಒಳಗೆನ್ನೆ ಬಿಳಿಚಿ ನಾರುಗಟ್ಟುತ್ತದೆ. ಕೊನೆಗೆ ಬಾಯಿ ತೆರೆಯುವುದೇ ಕಷ್ಟ. ಇದನ್ನು 'ದವಡೆ ಹಿಡಿದಿದೆ' ಎಂದು ತಿಳಿದು ಬಿಸಿ ಶಾಖ ಕೊಡುತ್ತ ಕೂತರೆ ಕಾಲ ಮೀರುತ್ತದೆ. ಗಡುಸಾದ ಪೊರೆ ಪೂರ್ತಿ ಮೊದಲಿನಂತಾಗುವುದಿಲ್ಲ. ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೆ ಮನೆಯ ಬಟ್ಟಲಿಗೆ ಯಾವ ನಿಷೇಧವೂ ಇಲ್ಲ. ಅಡಿಕೆ ಬೆಳೆದೇ ಮಕ್ಕಳ ಶಾಲೆಯ ಶುಲ್ಕ ಕಟ್ಟುವ ಮನೆಗಳಿಗೆ ಇದು ಕಹಿ ಮಾತು. ಹಾಗೆಂದು ಮಕ್ಕಳಿಗೆ ಹೇಳದೆ ಬಿಡುವಂತಿಲ್ಲ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಮಗು ತನ್ನದೇ ಮೂರು ಬೆರಳುಗಳನ್ನು ಜೋಡಿಸಿ, ಮೇಲಿನ-ಕೆಳಗಿನ ಮುಂಬಲ್ಲುಗಳ ನಡುವೆ ಲಂಬವಾಗಿ ಇಡಲಿ. ಸಾಮಾನ್ಯವಾಗಿ ಅವು ಹಿಡಿಸಬೇಕು. ಹಿಡಿಸದಿದ್ದರೆ ತಡಮಾಡದೆ ತೋರಿಸಿ.

ಪರಿಹಾರ ಕಷ್ಟದ್ದಲ್ಲ

ಕೀಲಿನ ನೋವು ಹೆಚ್ಚಿನವರಲ್ಲಿ ಸರಳ ಉಪಾಯಗಳಿಂದಲೇ ತಗ್ಗುತ್ತದೆ. ಕೆಲವು ದಿನ ಗಂಜಿ, ತಂಬುಳಿ ಅನ್ನ, ತೆಳ್ಳೇವಿನಂತಹ ಮೆತ್ತನೆಯ ಊಟ ಸಾಕು. ಪೇರಲೆ, ಕಬ್ಬು ಕಚ್ಚಿ ಸಿಗಿಯುವುದು ಬೇಡ. ಹಣ್ಣನ್ನು ಸಣ್ಣಗೆ ಹೆಚ್ಚಿ ತಿನ್ನಿ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹತ್ತು-ಹದಿನೈದು ನಿಮಿಷ ಕೆನ್ನೆಗೆ ಶಾಖ ಕೊಡಿ. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿ ಇಟ್ಟುಕೊಂಡರೆ ಬಾಯಿ ಅತಿಯಾಗಿ ಅಗಲುವುದಿಲ್ಲ. ಓದುವ ಮೇಜಿನ ಮೇಲೆ 'ಹಲ್ಲು ಬಿಡು' ಎಂದು ಬರೆದ ಚೀಟಿ ಅಂಟಿಸಿದರೂ ಪ್ರಯೋಜನವಿದೆ. ನೋವಿಲ್ಲದೆ ಬರೀ ಸದ್ದು ಬಂದರೆ ಸಾಮಾನ್ಯವಾಗಿ ಚಿಕಿತ್ಸೆ ಬೇಕಿಲ್ಲ.

ಬಾಯಿ ತೆರೆದಲ್ಲೇ ಅಥವಾ ಮುಚ್ಚಿದಲ್ಲೇ ಸಿಕ್ಕಿಕೊಂಡರೆ, ಬಾವು-ಜ್ವರ ಇದ್ದರೆ, ಎರಡು-ಮೂರು ವಾರವಾದರೂ ನೋವು ಇಳಿಯದಿದ್ದರೆ ಮನೆಮದ್ದು ನಿಲ್ಲಿಸಿ ದಂತವೈದ್ಯರನ್ನು ಕಾಣಬೇಕು. ಹಿರಿಯರಿಗೆ ನಡೆದಾಗ, ಏರು ಹತ್ತಿದಾಗ ದವಡೆ ನೋಯುತ್ತಿದ್ದರೆ ಅದು ಹೃದಯದ ಸೂಚನೆಯೂ ಇರಬಹುದು; ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.

ಹಲ್ಲು ಕಚ್ಚುವ ಮಗುವನ್ನು ಗದರಿದರೆ ಅದು ಇನ್ನಷ್ಟು ಬಿಗಿಯಾಗಿ ಕಚ್ಚೀತು. ಅಂಕಗಳ ಚಿಂತೆಯೇ, ನಿದ್ದೆ ಸಾಲದೇ ಎಂದು ಹತ್ತಿರ ಕೂತು ಕೇಳಿ. ಹಾಗೆಯೇ ಕವಳದ ಬಟ್ಟಲು ಮಕ್ಕಳ ಕೈಗೆಟುಕದಂತೆ ನೋಡಿಕೊಳ್ಳಿ. ಮಕ್ಕಳಿಗೆ 'ಬೇಡ' ಎನ್ನುವ ಅಪ್ಪ ತಾನೂ ಬಿಟ್ಟರೆ ಆ ಮಾತಿಗೆ ಬೆಲೆ ಹೆಚ್ಚು.