ಅಲೆಯುವ ಬೆಲೆ, ಚಿಕ್ಕ ಗಂಟು

ನೀರಿನಲ್ಲಿ ತೇಲುವ ಸೂಕ್ಷ್ಮ ಕಣವು ಗೊತ್ತುಗುರಿಯಿಲ್ಲದೆ ಅಲೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ನಾವು ಕಾಣುತ್ತೇವೆ. ಈ ಬ್ರೌನಿಯನ್ ಚಲನೆಯನ್ನು ಐನ್‌ಸ್ಟೈನರು 1905ರಲ್ಲಿ ಗಣಿತದಿಂದ ವಿವರಿಸಿದರು. ಅದಕ್ಕೂ ಮೊದಲೇ, 1900ರಲ್ಲಿ, ಪ್ಯಾರಿಸಿನ ಲೂಯಿ ಬಾಶೆಲಿಯೇ ಎಂಬ ಗಣಿತಜ್ಞರು ಇಂತಹುದೇ ಗಣಿತವನ್ನು ಪೇಟೆಯ ಬೆಲೆಗಳಿಗೆ ಅನ್ವಯಿಸಿದ್ದರು. ಬೆಲೆ ಯಾವ ಕಡೆಗೆ ಹೋದೀತೆಂದು ಹೇಳಲಾಗದು. ಎಷ್ಟು ದೂರ ಅಲೆದೀತೆಂದು ಮಾತ್ರ ಅಂದಾಜು ಮಾಡಬಹುದು.

ಈ ಅಲೆದಾಟವೇ ‘ಆಪ್ಷನ್’ ವ್ಯಾಪಾರದ ತಳಹದಿ. ನಿಶ್ಚಿತ ಅವಧಿಯೊಳಗೆ ನಿಶ್ಚಿತ ಬೆಲೆಗೆ ಷೇರು ಕೊಳ್ಳುವ ಹಕ್ಕೇ ‘ಕಾಲ್’. 100 ಡಾಲರಿಗೆ ಕೊಳ್ಳುವ ಹಕ್ಕನ್ನು 5 ಡಾಲರು ತೆತ್ತು ಪಡೆದು, 110ಕ್ಕೆ ಕೊಳ್ಳುವ ಹಕ್ಕನ್ನು 2 ಡಾಲರಿಗೆ ಮಾರಿದೆವೆನ್ನೋಣ. ಇದೇ ‘ಸ್ಪ್ರೆಡ್’. ಹೆಚ್ಚೆಂದರೆ ನಷ್ಟ 3 ಡಾಲರು, ಲಾಭ 7. ಅಮೆರಿಕದಲ್ಲಿ ಕರಾರೊಂದಕ್ಕೆ ಸಾಮಾನ್ಯವಾಗಿ 100 ಷೇರು. ಆದುದರಿಂದ ಪಣ 300 ಡಾಲರು, ಫಲ 700.

1,000 ಡಾಲರಿನ ಗಂಟುಳ್ಳವನು ಇದನ್ನು ಕಂಡು ಹಿಗ್ಗುತ್ತಾನೆ. ಆದರೆ ಪೂರ್ಣ ಲಾಭ, ಪೂರ್ಣ ನಷ್ಟ ಇವೆರಡೇ ಫಲಗಳೆಂದು ಭಾವಿಸೋಣ. ಬೆಲೆ ನ್ಯಾಯವಾದುದಾದರೆ ಹತ್ತರಲ್ಲಿ ಏಳು ಸಲ ಸೋಲಲೇಬೇಕು. ಮೊದಲ ಮೂರೂ ಸಲ ಸೋಲುವ ಸಂಭಾವ್ಯತೆ 0.7 × 0.7 × 0.7 = 0.343. ಎಂದರೆ, ಇಂತಹ ಮೂವರಲ್ಲಿ ಸುಮಾರು ಒಬ್ಬನ ಗಂಟು ಮೂರೇ ವ್ಯವಹಾರಗಳಲ್ಲಿ 100 ಡಾಲರಿಗೆ ಕರಗುತ್ತದೆ! ದಲ್ಲಾಳಿಯ ಶುಲ್ಕ ಬೇರೆ.

ಸ್ಪ್ರೆಡ್ ಒಂದೊಂದು ನಷ್ಟಕ್ಕೂ ಕಟ್ಟೆ ಕಟ್ಟುತ್ತದೆ. ನಷ್ಟಗಳ ಸಾಲಿಗೆ ಕಟ್ಟಲಾರದು. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ನಮ್ಮ ದೇಶದಲ್ಲಿ ಆ ವರ್ಷದ ಮಾರ್ಚಿಗೆ ಮುಗಿದ ಮೂರು ವರ್ಷಗಳಲ್ಲಿ ಷೇರುಗಳ ವಾಯಿದೆ ಮತ್ತು ಆಪ್ಷನ್ ವ್ಯಾಪಾರಕ್ಕಿಳಿದ ಬಿಡಿ ವ್ಯಕ್ತಿಗಳಲ್ಲಿ ಶೇಕಡಾ 93 ಮಂದಿ ನಷ್ಟ ಹೊಂದಿದರು. ಗಂಟು ಚಿಕ್ಕದಾದಷ್ಟೂ ಪಣವು ಅದಕ್ಕಿಂತ ಬಲು ಚಿಕ್ಕದಾಗಿರಬೇಕೆಂಬುದೇ ಗಣಿತವು ನಮಗೆ ಕಲಿಸುವ ಪಾಠ.